ಚಳಿಗೆ ಸ್ಟಾರ್ಟ್ ಆಗದ ವೀಡ್ ಕಟರ್, ಪಂಪು: ಎಲ್ಲಿಂದ ನೋಡುತ್ತಾ ಬರಬೇಕು?

ಡಿಸೆಂಬರ್ ಬಂತೆಂದರೆ ಘಟ್ಟದ ಮೇಲೆ, ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ, ಬೆಳಬೆಳಗ್ಗೆ ಕೇಳುವ ದೂರು ಒಂದೇ: "ಮಷಿನ್ ಸ್ಟಾರ್ಟೇ ಆಗ್ತಿಲ್ಲ." ಕೆಲಸಕ್ಕೆ ಬಂದವರು ದಣಪೆ ಹತ್ತಿರ ಕಾಯುತ್ತಿರುತ್ತಾರೆ. ಹಗ್ಗ ಎಳೆದೂ ಎಳೆದೂ ಭುಜ ಬಿದ್ದುಹೋಗಿರುತ್ತದೆ. ಬಿಸಿಲೇರುವವರೆಗೆ ಕೆಲಸ ಇಲ್ಲ, ಮಜೂರಿ ಮಾತ್ರ ಪೂರ್ತಿ. ಎಲ್ಲರೂ ಬೈಯುವುದು ಚಳಿಗೆ.

ನಮ್ಮ ಕಡೆಯ ಚಳಿ ಒಂದರಿಂದಲೇ ಸರಿ ಇರುವ ಪೆಟ್ರೋಲ್ ಎಂಜಿನ್ ನಿಲ್ಲುವುದಿಲ್ಲ. ಇದನ್ನು ಮೊದಲು ತಲೆಯಲ್ಲಿ ಇಟ್ಟುಕೊಳ್ಳಿ, ಆಗ ಹುಡುಕುವ ದಾರಿ ಸುಲಭ ಆಗುತ್ತದೆ. ಶಿರಸಿಯಲ್ಲಿ ಜನವರಿ ಬೆಳಗ್ಗೆ 15 ಡಿಗ್ರಿ ಆಸುಪಾಸು ಇರುತ್ತದೆ, ಕೆಲವು ದಿನ ಇನ್ನೂ ಇಳಿಯುತ್ತದೆ. ಹೊಸ ಪೆಟ್ರೋಲ್ ಸೊನ್ನೆಗಿಂತ 40 ಡಿಗ್ರಿ ಕೆಳಗಿದ್ದಾಗಲೂ ಕಿಡಿ ತಾಗಿದರೆ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಹಾಗಿದ್ದ ಮೇಲೆ ನಮ್ಮ 15 ಡಿಗ್ರಿ ಯಾವ ಲೆಕ್ಕ? ಚಳಿಗೆ ಆಗುವುದು ಇಷ್ಟೇ: ಪೆಟ್ರೋಲ್ ಆವಿ ಸ್ವಲ್ಪ ಕಡಿಮೆ ಆಗುತ್ತದೆ, ಆಯಿಲ್ ಸ್ವಲ್ಪ ಗಟ್ಟಿ ಆಗುತ್ತದೆ, ಇಬ್ಬನಿಗೆ ಕಿಡಿ ಕೊಡುವ ಪ್ಲಗ್ಗಿನ ಸುತ್ತ ಸ್ವಲ್ಪ ತೇವ ಕೂರುತ್ತದೆ. ಹಳೇ ಪೆಟ್ರೋಲ್, ಮಸಿ ಹಿಡಿದ ಪ್ಲಗ್, ಅರ್ಧ ಕಟ್ಟಿಕೊಂಡ ಕಾರ್ಬ್ಯುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ) ಇಟ್ಟುಕೊಂಡು ಬಿಸಿಲಲ್ಲಿ ಹೇಗೋ ಓಡುತ್ತಿದ್ದ ಮಷಿನ್ ಈ ಮೂರು "ಸ್ವಲ್ಪ" ಸೇರಿದ ಕೂಡಲೇ ಕೈಕೊಡುತ್ತದೆ. ಆ ಮೂಲ ತೊಂದರೆ ಶುರುವಾಗಿದ್ದು ಹೆಚ್ಚಾಗಿ ಮಳೆಗಾಲದ ನಾಲ್ಕು ತಿಂಗಳಲ್ಲಿ.

ಇಲ್ಲಿ ಹೇಳುವುದು ವೀಡ್ ಕಟರ್, ಚೈನ್ ಸಾ, ಔಷಧಿ ಹೊಡೆಯುವ ಪಂಪು, ದರಕು, ಅಂದರೆ ಒಣ ಎಲೆ, ಊದುವ ಬ್ಲೋವರ್, ಹಳ್ಳದ ನೀರೆತ್ತುವ ಪಂಪು, ಮನೆಯ ಸಣ್ಣ ಜನರೇಟರ್ ಇಂಥವಕ್ಕೆ. ಡೀಸೆಲ್ ಟಿಲ್ಲರ್ ಲೆಕ್ಕ ಬೇರೆ, ಅದನ್ನು ಇಲ್ಲಿ ಮುಟ್ಟುವುದಿಲ್ಲ.

## ಕೈ ಹಾಕುವ ಮೊದಲು

ಚಳಿ ಅಂತ ಮಷಿನ್ನನ್ನು ಬಚ್ಚಲ ಒಲೆ ಹತ್ತಿರ ತಂದಿಟ್ಟು ಬಿಸಿ ಮಾಡಬೇಡಿ. ನಮ್ಮ ಕಡೆಯ ಹಳೇ ಮನೆಗಳಲ್ಲಿ ಕೊಟ್ಟಿಗೆ, ಬಚ್ಚಲು, ಸಾಮಾನು ಇಡುವ ಮೂಲೆ ಎಲ್ಲ ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ, ಬೆಳಗ್ಗೆ ಒಲೆ ಉರಿಯುತ್ತಲೇ ಇರುತ್ತದೆ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ನೆಲದ ಮೇಲೆ ಹರಿದು ದೂರದ ಕೆಂಡಕ್ಕೂ ಮುಟ್ಟುತ್ತದೆ. ಪೆಟ್ರೋಲ್ ಕೆಲಸ ಏನಿದ್ದರೂ ಅಂಗಳದಲ್ಲಿ, ಬೆಂಕಿಯಿಂದ ದೂರ. ಬೀಡಿ ಸೇದುವವರನ್ನು ಆಚೆ ಕಳಿಸಿ.

ಮುಚ್ಚಿದ ಜಾಗದಲ್ಲಿ ಎಂಜಿನ್ ಓಡಿಸಿ ನೋಡುವುದೂ ಬೇಡ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ, ತಲೆ ತಿರುಗುವ ಹೊತ್ತಿಗೆ ತಡ ಆಗಿರುತ್ತದೆ. ಕರೆಂಟ್ ಹೋದಾಗ ಜನರೇಟರನ್ನು ಒಳಗಿಟ್ಟು ಬಾಗಿಲು ಹಾಕಿಕೊಳ್ಳುವವರು ಇದನ್ನು ಎರಡು ಸಲ ಓದಿ.

ವೀಡ್ ಕಟರ್ ಆದರೆ ಇನ್ನೊಂದು ಮಾತು. ಚೋಕ್ ಹಾಕಿದಾಗ ಎಂಜಿನ್ ಜೋರಾಗಿ ಎದ್ದರೆ ಕ್ಲಚ್ ಹಿಡಿದು ಬ್ಲೇಡ್ ತಕ್ಷಣ ತಿರುಗುತ್ತದೆ. ಬ್ಲೇಡ್ ಯಾವುದಕ್ಕೂ ತಾಗದ ಹಾಗೆ ಮಷಿನ್ನನ್ನು ಮಟ್ಟ ನೆಲದ ಮೇಲೆ ಇಟ್ಟು, ಒತ್ತಿ ಹಿಡಿದು ಎಳೆಯಿರಿ. ಬ್ಲೇಡಿನ ಹತ್ತಿರ ಕೈ ಹೋಗುವ ಕೆಲಸ ಇದ್ದರೆ ಮೊದಲು ಪ್ಲಗ್ ಕ್ಯಾಪ್ ಕಿತ್ತಿಡಿ.

## ಎಷ್ಟು ಎಳೆದರೂ ಒಂದು ಸದ್ದೂ ಇಲ್ಲ

ದುಡ್ಡು ಖರ್ಚಿಲ್ಲದ್ದನ್ನು ಮೊದಲು ನೋಡೋಣ. ಸ್ವಿಚ್ ಆನ್ ಇದೆಯಾ? ಪೆಟ್ರೋಲ್ ಬಿಡುವ ನಲ್ಲಿ ಇದ್ದರೆ, ಅದು ತೆರೆದಿದೆಯಾ? ಕೇಳಲಿಕ್ಕೆ ಸಣ್ಣ ಪ್ರಶ್ನೆ, ಆದರೆ ನಿನ್ನೆ ಬೇರೆಯವರು ಬಳಸಿದ ಮಷಿನ್ನಲ್ಲಿ ಇದೇ ಕಾರಣ ಇರುವುದು ಬಹಳ.

ಪಂಪು ಅಥವಾ ಜನರೇಟರ್ ಆದರೆ ಆಯಿಲ್ ಮಟ್ಟ ನೋಡಿ. ಫೋರ್ ಸ್ಟ್ರೋಕ್, ಅಂದರೆ ಆಯಿಲನ್ನು ಪೆಟ್ರೋಲಿಗೆ ಬೆರೆಸದೆ ಬೇರೆಯಾಗಿ ಹಾಕುವ, ಪಂಪು, ಜನರೇಟರ್ ಬಹಳಷ್ಟರಲ್ಲಿ ಆಯಿಲ್ ಕಡಿಮೆಯಾದರೆ ಕಿಡಿಯನ್ನೇ ತಡೆಯುವ ವ್ಯವಸ್ಥೆ ಇರುತ್ತದೆ. ಮಷಿನ್ನನ್ನು ಓರೆ ನೆಲದ ಮೇಲೆ ಇಟ್ಟರೂ ಅದು ಹಾಗೇ ಮಾಡಬಹುದು. ತೋಟದ ಧರೆ ಬದಿ ಓರೆಯಾಗಿ ನಿಂತ ಪಂಪನ್ನು ಮಟ್ಟಕ್ಕೆ ತಂದಿಟ್ಟ ಕೂಡಲೇ ಸ್ಟಾರ್ಟ್ ಆಗುವುದು ಇದಕ್ಕೇ.

ಆಮೇಲೆ ಚೋಕ್. ಚಳಿಯಲ್ಲಿ ಇದರ ಕ್ರಮ ತಪ್ಪಿದರೆ ಒಳ್ಳೆಯ ಮಷಿನ್ನೂ ಏಳುವುದಿಲ್ಲ. ಉರಿಯುವುದು ಪೆಟ್ರೋಲಿನ ಆವಿ. ತಣ್ಣಗಿರುವಾಗ ಆವಿ ಕಡಿಮೆ, ಅದಕ್ಕೆ ಚೋಕ್ ಹಾಕಿ ಗಾಳಿ ತಡೆದು ಪೆಟ್ರೋಲ್ ಪಾಲು ಜಾಸ್ತಿ ಮಾಡುವುದು. ಪ್ರೈಮರ್ ಗುಂಡಿ, ಅಂದರೆ ಆ ಮೆತ್ತನೆಯ ಪ್ಲಾಸ್ಟಿಕ್ ಬಲ್ಬ್, ಇದ್ದರೆ ಅದನ್ನು ಐದಾರು ಸಲ, ವಾಪಸ್ ಹೋಗುವ ಪೈಪಿನಲ್ಲಿ ಪೆಟ್ರೋಲ್ ಕಾಣುವವರೆಗೆ ಒತ್ತಿ. ಚೋಕ್ ಪೂರ್ತಿ ಹಾಕಿ. ಮೂರು ನಾಲ್ಕು ಸಲ ಎಳೆಯಿರಿ. ಒಂದು ಸಲ "ಡುಬ್" ಅಂದು ನಿಲ್ಲುತ್ತದೆ. ಆ ಮೊದಲ ಸದ್ದು ಕೇಳಿದ ಕೂಡಲೇ ಚೋಕ್ ಅರ್ಧಕ್ಕೆ ತನ್ನಿ, ಮತ್ತೆ ಎಳೆಯಿರಿ. ಆ ಸದ್ದನ್ನು ಗಮನಿಸದೆ ಪೂರ್ತಿ ಚೋಕ್‌ನಲ್ಲೇ ಎಳೆಯುತ್ತಾ ಹೋದರೆ ಸಿಲಿಂಡರಿನಲ್ಲಿ ಪೆಟ್ರೋಲ್ ತುಂಬಿಕೊಂಡು ಪ್ಲಗ್ ತೋಯ್ದು ಹೋಗುತ್ತದೆ. ಹೆಲ್ಮೆಟ್ಟು, ಕಿವಿಗೆ ಮಫ್ಲರ್ ಕಟ್ಟಿಕೊಂಡು ಎಳೆಯುವವರಿಗೆ ಆ ಸದ್ದು ಕೇಳುವುದೇ ಇಲ್ಲ. ಸ್ಟಾರ್ಟ್ ಮಾಡುವಷ್ಟು ಹೊತ್ತು ಕಿವಿ ತೆರೆದಿರಲಿ.

ಇಷ್ಟಾದರೂ ಇಲ್ಲವಾ? ಎಳೆಯುವುದನ್ನು ನಿಲ್ಲಿಸಿ. ಮುಂದಿನ ಕೆಲಸ ಟ್ಯಾಂಕಿನದು.

## ಟ್ಯಾಂಕಿನಲ್ಲಿ ಪೆಟ್ರೋಲ್ ಇದೆ, ಆದರೆ ಯಾವಾಗ ತಂದದ್ದು?

ಇದರ ಬಗ್ಗೆ ಸ್ವಲ್ಪ ಉದ್ದಕ್ಕೇ ಹೇಳಬೇಕು, ಯಾಕೆಂದರೆ ನಮ್ಮ ಜಿಲ್ಲೆಯಲ್ಲಿ ಚಳಿಗಾಲದ ತೊಂದರೆಗಳಿಗೆ ಮೊದಲು ಸಂಶಯ ಪಡಬೇಕಾದದ್ದು ಇದನ್ನೇ.

ಬಂಕಿನ ಪೆಟ್ರೋಲಿನಲ್ಲಿ ಎಥನಾಲ್ ಸೇರಿಸುತ್ತಾರೆ. 2022ರ ಹೊತ್ತಿಗೆ ನೂರಕ್ಕೆ 10 ಪಾಲು ಇತ್ತು, ಈಗ 20 ಪಾಲಿಗೆ ಬಂದಿದೆ. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಕ್ಕಿ ಡಬ್ಬಿಗೂ ಬೂಸ್ಟು ಹಿಡಿಯುವ ನಮ್ಮ ಹವೆಯಲ್ಲಿ ಅರ್ಧ ತುಂಬಿದ ಟ್ಯಾಂಕ್ ಬಿಟ್ಟರೆ, ಖಾಲಿ ಅರ್ಧದಲ್ಲಿ ಇರುವ ತೇವದ ಗಾಳಿಯಿಂದ ನೀರು ಮೆಲ್ಲಗೆ ಪೆಟ್ರೋಲಿಗೆ ಸೇರುತ್ತದೆ. ಒಂದು ಮಿತಿವರೆಗೆ ಎಥನಾಲ್ ಆ ನೀರನ್ನು ತನ್ನಲ್ಲೇ ಇಟ್ಟುಕೊಳ್ಳುತ್ತದೆ, ನೋಡಿದರೆ ಏನೂ ಗೊತ್ತಾಗುವುದಿಲ್ಲ. ಆದರೆ ತಣ್ಣಗಾದಷ್ಟೂ ಹಿಡಿದಿಟ್ಟುಕೊಳ್ಳುವ ಶಕ್ತಿ ಕಡಿಮೆ. ಹಾಗಾಗಿ ಅಕ್ಟೋಬರ್ ಬಿಸಿಲಲ್ಲಿ ತಿಳಿಯಾಗಿದ್ದ ಪೆಟ್ರೋಲ್, ಡಿಸೆಂಬರ್ ಚಳಿ ರಾತ್ರಿಯಲ್ಲಿ ಎರಡು ಪದರ ಆಗಿಬಿಡಬಹುದು. ಮೇಲೆ ಪೆಟ್ರೋಲ್, ಕೆಳಗೆ ನೀರು ಬೆರೆತ ಎಥನಾಲ್. ಟ್ಯಾಂಕಿನೊಳಗಿನ ಫಿಲ್ಟರ್ ತೂಕದ್ದು, ಅದು ಮಲಗಿರುವುದು ತಳದಲ್ಲಿ. ಎಂಜಿನ್ ಮೊದಲು ಹೀರುವುದು ಆ ಕೆಳಗಿನ ಪದರವನ್ನೇ. ಶುದ್ಧ ಎಥನಾಲ್ ಕೂಡ ಸುಮಾರು 13 ಡಿಗ್ರಿಗಿಂತ ಕೆಳಗೆ ಕಿಡಿಗೆ ಹೊತ್ತಿಕೊಳ್ಳುವಷ್ಟು ಆವಿ ಬಿಡುವುದಿಲ್ಲ. ನೀರು ಬೆರೆತದ್ದಂತೂ ಇನ್ನೂ ಕಷ್ಟ. ಬೆಳಗ್ಗೆ ಏಳದ ಮಷಿನ್ ಹನ್ನೊಂದು ಗಂಟೆ ಬಿಸಿಲಿಗೆ ಒಮ್ಮೊಮ್ಮೆ ಎದ್ದುಬಿಡುವುದಕ್ಕೆ ಇದೂ ಒಂದು ಕಾರಣ.

ಪರೀಕ್ಷೆ ಸುಲಭ. ಟ್ಯಾಂಕನ್ನು ಅಲ್ಲಾಡಿಸದೆ ತಳದ ಪೆಟ್ರೋಲನ್ನು ಬಣ್ಣವಿಲ್ಲದ ಗಾಜಿನ ಬಾಟಲಿಗೆ ತೆಗೆದು ಹತ್ತು ನಿಮಿಷ ನೆಲದ ಮೇಲೆ ಇಡಿ. ಟೂ ಸ್ಟ್ರೋಕ್ ಮಿಶ್ರಣ (ಪೆಟ್ರೋಲಿಗೇ ಆಯಿಲ್ ಬೆರೆಸಿದ್ದು) ಆದರೆ ಮೇಲಿನ ಭಾಗ ಆಯಿಲಿನ ಬಣ್ಣದಲ್ಲಿರುತ್ತದೆ, ಕೆಳಗೆ ಒಂದು ಬೆರಳು ದಪ್ಪ ಬಿಳಿಚಿದ ಪದರ ಬೇರೆಯಾಗಿ ಕಂಡರೆ ಕಾರಣ ಸಿಕ್ಕಿತು. ಎಲ್ಲ ಒಂದೇ ಆಗಿ ಮೋಡ ಕವಿದಂತೆ ಮಬ್ಬಾಗಿದ್ದರೂ ಅದನ್ನು ಬಳಸಬೇಡಿ. ಇನ್ನೊಂದು ಅಪಾಯ ಇಲ್ಲೇ ಇದೆ: ಟೂ ಸ್ಟ್ರೋಕ್ ಆಯಿಲ್ ಮೇಲಿನ ಪದರದಲ್ಲೇ ಉಳಿಯುತ್ತದೆ. ಕೆಳಗಿನದ್ದನ್ನು ಹೀರಿ ಎಂಜಿನ್ ಹೇಗೋ ಓಡಿತು ಅಂದುಕೊಳ್ಳಿ, ಅದು ಆಯಿಲ್ ಇಲ್ಲದೆ ಓಡುತ್ತದೆ, ಪಿಸ್ಟನ್ ಕಚ್ಚಿಕೊಳ್ಳುತ್ತದೆ.

ಪದರ ಕಾಣದಿದ್ದರೂ ಹಳೇ ಪೆಟ್ರೋಲ್ ಹಳೇದೇ. ಮೊದಲು ಹಾರಿಹೋಗುವುದು ಅದರ ಹಗುರ ಅಂಶ, ಚಳಿಯಲ್ಲಿ ಬೇಕಾದದ್ದೂ ಅದೇ. ಮೂಸಿದರೆ ಮೂಗಿಗೆ ಹೊಡೆಯುವ ಹೊಸ ವಾಸನೆ ಹೋಗಿ ಬಣ್ಣದ ಅಂಗಡಿಯ ವಾಸನೆ ಬರುತ್ತಿದ್ದರೆ ಚೆಲ್ಲಲು ಎರಡನೇ ಯೋಚನೆ ಬೇಡ. ಚೆಲ್ಲುವುದು ಅಂದರೆ ತೋಟದ ಕಾಲುವೆಗೋ ಬಾವಿ ಬದಿಗೋ ಅಲ್ಲ, ಮುಚ್ಚಳ ಇರುವ ಕ್ಯಾನಿಗೆ ತುಂಬಿ ಗ್ಯಾರೇಜಿಗೆ ಕೊಡಿ.

ಟೂ ಸ್ಟ್ರೋಕಿಗೆ ಹೊಸದು ತಂದು ಹಾಕುವಾಗ ಆಯಿಲ್ ಬೆರೆಸುವ ಅಳತೆ ಸರಿ ಇರಲಿ. 50ಕ್ಕೆ 1 ಅಂದರೆ ಲೀಟರಿಗೆ 20 ಮಿಲಿ ಆಯಿಲ್, 25ಕ್ಕೆ 1 ಅಂದರೆ 40 ಮಿಲಿ. ನಿಮ್ಮ ಮಷಿನ್ನಿಗೆ ಯಾವುದು ಅಂತ ಅದರ ಪುಸ್ತಕದಲ್ಲೋ ಟ್ಯಾಂಕಿನ ಮೇಲೋ ಬರೆದಿರುತ್ತದೆ. "ಆಯಿಲ್ ಜಾಸ್ತಿ ಆದ್ರೆ ಮಷಿನ್ನಿಗೆ ಒಳ್ಳೇದು" ಅನ್ನುವ ಮಾತು ಚಳಿಗಾಲದಲ್ಲಿ ನಡೆಯುವುದಿಲ್ಲ. ಆಯಿಲ್ ಜಾಸ್ತಿಯಾದರೆ ಪ್ಲಗ್ಗಿಗೆ ಮಸಿ, ಸೈಲೆನ್ಸರಿಗೆ ಕರಿ.

ಇನ್ನು ಮುಂದಿನ ವರ್ಷಕ್ಕೆ ಈ ತಲೆನೋವೇ ಬೇಡ ಅಂದರೆ, ಬಳಕೆ ನಿಲ್ಲಿಸುವಾಗ ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಸ್ಟಾರ್ಟ್ ಮಾಡಿ, ಒಳಗೆ ಉಳಿದದ್ದು ಮುಗಿದು ತಾನಾಗೇ ನಿಲ್ಲುವವರೆಗೆ ಓಡಿಸಿ ಇಡಿ. ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಯುವ ಪಂಪು ಆಗಸ್ಟಿಗೆ ಅಟ್ಟ ಹತ್ತಿದರೆ ಮತ್ತೆ ಇಳಿಯುವುದು ತಿಂಗಳುಗಟ್ಟಲೆ ಆದ ಮೇಲೆ. ಅದಕ್ಕಂತೂ ಇದನ್ನು ತಪ್ಪಿಸಲೇಬೇಡಿ.

## ಪ್ಲಗ್ ಬಿಚ್ಚಿದರೆ ಒದ್ದೆ, ಪೆಟ್ರೋಲ್ ವಾಸನೆ

ಹೊಸ ಪೆಟ್ರೋಲ್ ಹಾಕಿದ ಮೇಲೂ ಏಳದಿದ್ದರೆ ಪ್ಲಗ್ ಬಿಚ್ಚಿ. ಮುಂದೆ ಯಾವ ಕಡೆ ಹೋಗಬೇಕು ಅಂತ ಪ್ಲಗ್ಗೇ ಹೇಳುತ್ತದೆ. ಒದ್ದೆ ಇದ್ದರೆ ಪೆಟ್ರೋಲ್ ಒಳಗೆ ಬರುತ್ತಿದೆ, ಆದರೆ ಹೊತ್ತಿಕೊಳ್ಳುತ್ತಿಲ್ಲ. ಪೂರ್ತಿ ಒಣಗಿದ್ದರೆ ಪೆಟ್ರೋಲೇ ಬರುತ್ತಿಲ್ಲ.

ಒದ್ದೆ ಇದ್ದರೆ ಮೊದಲು ಒಳಗೆ ತುಂಬಿದ ಪೆಟ್ರೋಲನ್ನು ಹೊರಹಾಕಬೇಕು. ಸ್ವಿಚ್ ಆಫ್ ಮಾಡಿ, ಪ್ಲಗ್ ತೂತು ಕೆಳಮುಖ ಆಗುವ ಹಾಗೆ ಮಷಿನ್ನನ್ನು ತಿರುಗಿಸಿ, ಹಗ್ಗವನ್ನು ಹತ್ತು ಸಲ ಎಳೆಯಿರಿ. ಫೋರ್ ಸ್ಟ್ರೋಕ್ ಆದರೆ ಹೀಗೆ ಬೋರಲು ಹಾಕಬೇಡಿ, ಆಯಿಲ್ ಬೇಡದ ಕಡೆ ಹೋಗುತ್ತದೆ. ನೆಟ್ಟಗೆ ಇಟ್ಟುಕೊಂಡೇ ಎಳೆದರೆ ಸಾಕು. ಪ್ಲಗ್ಗನ್ನು ಒಣ ಬಟ್ಟೆಯಲ್ಲಿ ಒರೆಸಿ, ಹಿತ್ತಾಳೆ ಬ್ರಷ್‌ನಿಂದ ಮಸಿ ಉಜ್ಜಿ. ಪ್ಲಗ್ ತುದಿಯಲ್ಲಿ ಕಿಡಿ ಹಾರುವ ಅಂತರ ಬಹಳಷ್ಟು ಸಣ್ಣ ಎಂಜಿನ್‌ಗಳಿಗೆ 0.6ರಿಂದ 0.7 ಮಿಲಿಮೀಟರ್, ಕೆಲವು ಚೈನ್ ಸಾಗಳಿಗೆ 0.5. ಅಂತರ ಅಳೆಯುವ ಫೀಲರ್ ಗೇಜ್ ಇದ್ದರೆ ನೋಡಿಕೊಳ್ಳಿ. ಪ್ಲಗ್ ಹಾಕಿ, ಈ ಸಲ ಚೋಕ್ ಪೂರ್ತಿ ತೆಗೆದು, ಆಕ್ಸಿಲರೇಟರ್ ಪೂರ್ತಿ ಒತ್ತಿ ಎಳೆಯಿರಿ. ಒಳಗೆ ಬರೀ ಪೆಟ್ರೋಲ್ ತುಂಬಿದ್ದಷ್ಟೇ ತೊಂದರೆ ಆಗಿದ್ದರೆ ಬಿಳಿ ಹೊಗೆ ಬಿಟ್ಟುಕೊಂಡು ಏಳುತ್ತದೆ. ಜೋರಾಗಿ ಏಳುವುದರಿಂದ ಬ್ಲೇಡ್ ಕಡೆ ಗಮನ ಇರಲಿ.

ಮತ್ತೆ ಒದ್ದೆಯಾಗಿ ಕೂತರೆ ಕಿಡಿ ನೋಡಬೇಕು. ನೂರಿನ್ನೂರು ರೂಪಾಯಿಯ ಒಳಗಿನ ಸಾಮಾನು ಪ್ಲಗ್, ಹೊಸದೊಂದು ಹಾಕಿ ನೋಡುವುದೇ ಎಲ್ಲಕ್ಕಿಂತ ಸುಲಭದ ಪರೀಕ್ಷೆ. ಅದೇ ನಂಬರಿನದ್ದೇ ತನ್ನಿ, ಬೈಕಿನದ್ದು ಹೊಂದಿಕೊಂಡಿತು ಅಂತ ಹಾಕಬೇಡಿ. ಕಿಡಿಯನ್ನು ಕಣ್ಣಿಂದ ನೋಡಬೇಕು ಅಂದರೆ ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಮೈಯನ್ನು ಎಂಜಿನ್ನಿನ ಬೋಳು ಲೋಹಕ್ಕೆ ಗಟ್ಟಿಯಾಗಿ ತಾಗಿಸಿ ಎಳೆಯಬೇಕು. ಆದರೆ ಪ್ಲಗ್ ತೂತಿನಿಂದ ದೂರ. ತೂತಿನಿಂದ ಪೆಟ್ರೋಲ್ ಆವಿ ಚಿಮ್ಮುತ್ತಿರುತ್ತದೆ, ಅದರ ಎದುರಿಗೇ ಕಿಡಿ ಹಿಡಿದರೆ ಮುಖಕ್ಕೆ ಬೆಂಕಿ. ತೂತಿಗೆ ಬಟ್ಟೆ ಮುಚ್ಚಿ, ಸಿಲಿಂಡರ್ ಒಣಗಿದ ಮೇಲೆ ಮಾತ್ರ ಮಾಡಿ. ಪ್ಲಗ್ಗನ್ನು ಬರಿಗೈಯಲ್ಲಿ ಹಿಡಿಯಬೇಡಿ, ಇಕ್ಕಳದಲ್ಲಿ ರಬ್ಬರ್ ಕ್ಯಾಪ್ ಹಿಡಿಯಿರಿ. ಕಿಡಿ ನೀಲಿಯಾಗಿ "ಟಕ್ ಟಕ್" ಅಂತ ಬಂದರೆ ಸರಿ. ಕೆಂಪಗೆ ತೆಳ್ಳಗೆ ಬಂದರೆ, ಅಥವಾ ಬರದೇ ಇದ್ದರೆ ಮುಂದೆ ಹೋಗಿ.

ಮುಂದೆ ಅಂದರೆ ಸ್ವಿಚ್ಚಿನ ತಂತಿ. ಇಬ್ಬನಿಯಲ್ಲಿ ರಾತ್ರಿ ಹೊರಗೆ ಬಿದ್ದ ಮಷಿನ್ನಿನ ಸ್ವಿಚ್ಚಿನೊಳಗೆ ತೇವ ಕೂತು, ಆಫ್ ಮಾಡಿದ ಹಾಗೇ ಕೆಲಸ ಮಾಡುತ್ತಿರುತ್ತದೆ. ಪ್ಲಗ್ಗಿಗೆ ಕರೆಂಟ್ ಕೊಡುವ ಕಾಯಿಲಿಗೆ ಹೋಗುವ ಸ್ವಿಚ್ ತಂತಿಯನ್ನು ಕಿತ್ತು ಕಿಡಿ ನೋಡಿ. ಈಗ ಬಂತು ಅಂದರೆ ತೊಂದರೆ ಸ್ವಿಚ್ಚಿನಲ್ಲಿ. ಪರೀಕ್ಷೆಗೆ ಮಾತ್ರ ಹೀಗೆ ಮಾಡಿ. ತಂತಿ ಕಿತ್ತ ಮಷಿನ್ ಓಡಿಸಿದರೆ ನಿಲ್ಲಿಸಲು ಸ್ವಿಚ್ ಇರುವುದಿಲ್ಲ, ಚೋಕ್ ಎಳೆದೇ ನಿಲ್ಲಿಸಬೇಕು. ತಂತಿ ಕಿತ್ತರೂ ಕಿಡಿ ಇಲ್ಲ ಅಂದರೆ ಕಾಯಿಲ್ ಹೋಗಿದೆ, ಅಥವಾ ಕಾಯಿಲ್ ಮತ್ತು ಫ್ಲೈವೀಲ್ ನಡುವೆ ತುಕ್ಕು ಕೂತಿದೆ. ಆ ಅಂತರ ಸಾಮಾನ್ಯವಾಗಿ 0.3 ಮಿಲಿಮೀಟರ್ ಆಸುಪಾಸು. ಕೈ ಪಳಗಿದವರಿಗೆ ಬಿಡಿ.

## ಪ್ಲಗ್ ಒಣಗಿದೆ, ಪೆಟ್ರೋಲ್ ಬರುತ್ತಲೇ ಇಲ್ಲ

ಪ್ರೈಮರ್ ಬಲ್ಬ್ ಒತ್ತಿ ನೋಡಿ. ಒತ್ತಿದ್ದು ಮೇಲೇಳದೆ ಒಳಗೇ ಕೂತರೆ ಫಿಲ್ಟರ್ ಕಟ್ಟಿದೆ ಅಂತ ತಿಳಿಯಿರಿ. ಗುಳ್ಳೆ ಗುಳ್ಳೆ ಬಂದರೆ ಪೈಪ್ ಎಲ್ಲೋ ಸೀಳಿದೆ, ಪೆಟ್ರೋಲ್ ಬದಲು ಗಾಳಿ ಹೀರುತ್ತಿದೆ. ಸಣ್ಣ ಮಷಿನ್ನಿನ ರಬ್ಬರ್ ಪೈಪು ಎಥನಾಲಿಗೆ ಬಿರಿದು, ಒಂದೋ ಗಟ್ಟಿಯಾಗಿ ಒಡೆಯುತ್ತದೆ, ಇಲ್ಲವೇ ಜಿಗಿಯಾಗುತ್ತದೆ. ಉಗುರಿನಿಂದ ಚಿವುಟಿದರೆ ಗುರುತು ಹಾಗೇ ಉಳಿದರೆ ಪೈಪ್ ಬದಲಿಸಿ. ಫಿಲ್ಟರನ್ನು ಕೊಕ್ಕೆ ತಂತಿಯಿಂದ ಟ್ಯಾಂಕಿನ ಬಾಯಿಗೆ ಎಳೆದು ತೆಗೆಯಬಹುದು, ಹಾಗೇ ಬದಲಿಸಬಹುದು.

ಇದೆಲ್ಲ ಸರಿ ಇದ್ದರೆ ಕಾರ್ಬ್ಯುರೇಟರ್. ಪಂಪು, ಜನರೇಟರಿನಲ್ಲಿ ಕೆಳಗೆ ಬಟ್ಟಲು ಇರುತ್ತದೆ, ಅದರ ತಳದಲ್ಲಿ ಒಂದು ಸ್ಕ್ರೂ. ಅದನ್ನು ಸಡಿಲಿಸಿ ಒಳಗಿನದ್ದನ್ನು ಬಾಟಲಿಗೆ ಬಿಡಿ, ನೀರು, ಕಸರು, ಹಸಿರು ಪುಡಿ ಬಂದರೆ ಹೊಸ ಪೆಟ್ರೋಲ್ ಹರಿಯುವವರೆಗೆ ಬಿಡಿ. ಅರ್ಧಕ್ಕರ್ಧ ಪಂಪುಗಳು ಇಷ್ಟಕ್ಕೇ ಏಳುತ್ತವೆ. ಏಳದಿದ್ದರೆ ಬಟ್ಟಲು ಬಿಚ್ಚಿ ಜೆಟ್ಟಿನ (ಪೆಟ್ರೋಲ್ ಹಾಯುವ ಸಣ್ಣ ನಳಿಕೆಯ) ತೂತನ್ನು ಬೆಳಕಿಗೆ ಹಿಡಿದು ನೋಡಿ. ಸೂಜಿ ಹಾಕಿ ಚುಚ್ಚಬೇಡಿ, ತೂತು ದೊಡ್ಡದಾದರೆ ಆಮೇಲೆ ಯಾವತ್ತೂ ಲೆಕ್ಕ ಸರಿ ಬರುವುದಿಲ್ಲ. ವೈರಿನ ಒಂದು ತಾಮ್ರದ ಎಳೆ ಮತ್ತು ಕಾರ್ಬ್ ಕ್ಲೀನರ್ ಸಾಕು. ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ, ಕ್ಲೀನರ್ ಒಂದು ತೂತಿಗೆ ಹೊಡೆದರೆ ಇನ್ನೊಂದರಿಂದ ಮುಖಕ್ಕೇ ಬರುತ್ತದೆ.

ವೀಡ್ ಕಟರ್, ಚೈನ್ ಸಾದಲ್ಲಿ ಬಟ್ಟಲು ಇಲ್ಲ, ತೆಳ್ಳಗಿನ ಡಯಾಫ್ರಮ್ ಹಾಳೆ ಇದೆ. ಹೊಸದು ಮೆತ್ತಗೆ ಮಡಚುತ್ತದೆ. ಹಳೇದಾದರೆ ಚಪಾತಿ ಒಣಗಿದ ಹಾಗೆ ಬಿರುಸಾಗಿ ಕರಕರ ಅನ್ನುತ್ತದೆ. ಬಿರುಸಾದ ಹಾಳೆ ಚಳಿಗೆ ಇನ್ನೂ ಬಿಗಿಯಾಗಿ ಪೆಟ್ರೋಲ್ ಎಳೆಯಲು ಆಗುವುದಿಲ್ಲ. ಇದರ ಕಿಟ್ ಸಿಗುತ್ತದೆ. ಬಿಚ್ಚುವಾಗ ಹಾಳೆ, ಗ್ಯಾಸ್ಕೆಟ್ ಯಾವುದು ಮೇಲೆ ಯಾವುದು ಕೆಳಗೆ ಅಂತ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡೇ ಮುಂದೆ ಹೋಗಿ. ಪಂಕ್ಚರ್ ಅಂಗಡಿಯ ಗಾಳಿ ಹಿಡಿದರೆ ಹಾಳೆ ಹರಿದೇ ಹೋಗುತ್ತದೆ.

## ಏಳುತ್ತದೆ, ಆದರೆ ಸ್ವಲ್ಪ ಹೊತ್ತಿಗೇ ನಿಲ್ಲುತ್ತದೆ

ಟ್ಯಾಂಕ್ ಮುಚ್ಚಳವನ್ನು ಸ್ವಲ್ಪ ಸಡಿಲಿಸಿ ಮತ್ತೆ ಸ್ಟಾರ್ಟ್ ಮಾಡಿ. ಈಗ ನಿಲ್ಲದೆ ಓಡಿದರೆ ಮುಚ್ಚಳದ ಗಾಳಿ ತೂತು ಕಟ್ಟಿದೆ. ಪೆಟ್ರೋಲ್ ಹೋದಷ್ಟೂ ಒಳಗೆ ಗಾಳಿ ಬರಬೇಕು, ಬರದಿದ್ದರೆ ಪೆಟ್ರೋಲ್ ಇಳಿಯುವುದಿಲ್ಲ. ಪರೀಕ್ಷೆ ಮುಗಿದ ಕೂಡಲೇ ಮುಚ್ಚಳ ಬಿಗಿ ಮಾಡಿ, ಹಾಗೇ ಕೆಲಸಕ್ಕೆ ಒಯ್ಯಬೇಡಿ.

ಆಮೇಲೆ ಏರ್ ಫಿಲ್ಟರ್. ಸ್ಪಂಜಿನದ್ದಾದರೆ ಸೋಪಿನ ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ ಹಾಕಿ. ಕಾಗದದ್ದಾದರೆ ತೊಳೆಯಬಾರದು, ತಟ್ಟಿ ಧೂಳು ಬಿಡಿಸಬೇಕು, ಹೋಗದಿದ್ದರೆ ಬದಲಿಸಬೇಕು. ಫಿಲ್ಟರ್ ಇಡುವ ಪೆಟ್ಟಿಗೆಯೊಳಗೆ ಇರುವೆ ಮೊಟ್ಟೆ ಇಟ್ಟಿದ್ದು ನಮ್ಮ ಕಡೆ ಹೊಸ ವಿಷಯ ಅಲ್ಲ.

ಇನ್ನೊಂದು, ಮಲೆನಾಡಿನವರು ನೋಡುವ ತೊಂದರೆ ಇದು. ಸೈಲೆನ್ಸರಿನ ಬಾಯಿಗೆ ಟಾರ್ಚ್ ಹಾಕಿ ನೋಡಿ. ಕೊಟ್ಟಿಗೆ ಗೋಡೆಗೆ ಮಣ್ಣಿನ ಗೂಡು ಮೆತ್ತುವ ಕಣಜ ಇದೆಯಲ್ಲ, ಅದಕ್ಕೆ ಪೆನ್ನು ಹೋಗುವಷ್ಟು ತೂತು ಸಿಕ್ಕಿದರೆ ಸಾಕು. ಹೊರಗಿನಿಂದ ನೋಡಿದರೆ ಸೈಲೆನ್ಸರಿಗೆ ಸ್ವಲ್ಪ ಕೆಸರು ಸಿಡಿದ ಹಾಗೆ ಕಾಣುತ್ತದೆ, ಮೊಳೆಯಿಂದ ಕೆದಕಿದರೆ ಗಟ್ಟಿ ಮಣ್ಣು ಉದುರುತ್ತದೆ, ಅದರ ಹಿಂದೆ ಒಣಗಿದ ಜೇಡಗಳು, ಮರಿಹುಳಕ್ಕೆ ಅಂತ ತುಂಬಿಟ್ಟಿದ್ದು. ಹೊಗೆ ಹೋಗಲು ದಾರಿ ಇಲ್ಲದ ಎಂಜಿನ್ ಒಂದೆರಡು ಸಲ ಕೆಮ್ಮಿ ಸುಮ್ಮನಾಗುತ್ತದೆ. ಟ್ಯಾಂಕ್ ಗಾಳಿ ಪೈಪಿನ ತುದಿಗೂ ಇದೇ ಗತಿ ಆಗಬಹುದು. ಗೂಡು ಇಲ್ಲದಿದ್ದರೆ ಸೈಲೆನ್ಸರ್ ಒಳಗಿನ ಜಾಲರಿ ಬಿಚ್ಚಿ ನೋಡಿ, ಟೂ ಸ್ಟ್ರೋಕ್‌ಗಳಲ್ಲಿ ಕರಿ ಕಟ್ಟಿ ಮುಚ್ಚಿಹೋಗಿರುತ್ತದೆ. ತಣ್ಣಗಿರುವಾಗ ತಂತಿ ಬ್ರಷ್‌ನಲ್ಲಿ ಉಜ್ಜಿದರೆ ಸರಿ ಹೋಗುತ್ತದೆ.

ಚೋಕ್ ಇದ್ದರೆ ಮಾತ್ರ ಓಡುತ್ತದೆ, ತೆಗೆದ ಕೂಡಲೇ ನಿಲ್ಲುತ್ತದೆ ಅನ್ನುವುದು ಬೇರೆ ಲಕ್ಷಣ. ಚಳಿಯಲ್ಲಿ ಒಂದೆರಡು ನಿಮಿಷ ಹಾಗಾದರೆ ಚಿಂತೆ ಬೇಡ, ಎಂಜಿನ್ ಇನ್ನೂ ಬಿಸಿ ಆಗಿಲ್ಲ ಅಷ್ಟೇ. ಐದು ನಿಮಿಷದ ಮೇಲೂ ಹಾಗೇ ಇದ್ದರೆ ಜೆಟ್ ಅರ್ಧ ಕಟ್ಟಿದೆ, ಅಥವಾ ಕಾರ್ಬ್ಯುರೇಟರ್ ಕೂರುವ ಜಾಗದಲ್ಲಿ ಗಾಳಿ ಸೋರುತ್ತಿದೆ. ಹಾಗೇ ಚೋಕ್ ಅರ್ಧ ಇಟ್ಟುಕೊಂಡು ಟೂ ಸ್ಟ್ರೋಕ್ ಮಷಿನ್ನಿನಲ್ಲಿ ದಿನವಿಡೀ ಹುಲ್ಲು ಹೊಡೆಯಬೇಡಿ. ಪೆಟ್ರೋಲ್ ಕಡಿಮೆ ಬಂದರೆ ಆಯಿಲ್ ಕೂಡ ಕಡಿಮೆ ಬರುತ್ತದೆ.

## ಹಗ್ಗ ಗಟ್ಟಿ, ಎಳೆಯಲಿಕ್ಕೇ ಆಗ್ತಿಲ್ಲ

ಪ್ಲಗ್ ಬಿಚ್ಚಿ ಎಳೆಯಿರಿ. ಈಗ ಹಗುರಾಗಿ ಬಂತು, ತೂತಿನಿಂದ ಪೆಟ್ರೋಲೋ ಆಯಿಲೋ ಚಿಮ್ಮಿತು ಅಂದರೆ ಸಿಲಿಂಡರಿನಲ್ಲಿ ಅದು ತುಂಬಿಕೊಂಡಿತ್ತು. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ತಡೆಯುವ ನೀಡಲ್ ಸೋರಿದರೆ ರಾತ್ರಿಯಿಡೀ ಪೆಟ್ರೋಲ್ ಇಳಿಯುತ್ತದೆ, ಫೋರ್ ಸ್ಟ್ರೋಕನ್ನು ತಪ್ಪು ಮಗ್ಗುಲಿಗೆ ಮಲಗಿಸಿದರೆ ಆಯಿಲ್ ಬರುತ್ತದೆ. ಇಂಥ ಹೊತ್ತಿನಲ್ಲಿ ಜೋರು ಮಾಡಿ ಎಳೆದರೆ ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಾಗಬಹುದು. ಆಯಿಲ್ ಕಡ್ಡಿ ಮೂಸಿ ನೋಡಿ, ಪೆಟ್ರೋಲ್ ವಾಸನೆ ಇದ್ದರೆ ಆಯಿಲ್ ಬದಲಿಸದೆ ಓಡಿಸಬೇಡಿ.

ಏನೂ ಚಿಮ್ಮದೆ ಬೆಳಗ್ಗೆ ಮಾತ್ರ ಭಾರ, ಬಿಸಿಲಿಗೆ ಹಗುರ ಅಂದರೆ ಆಯಿಲ್ ದಪ್ಪದ್ದು. ಬೈಕಿಗೆ ತಂದು ಉಳಿದ 20ಡಬ್ಲ್ಯು-50 ಹಾಕುವ ರೂಢಿ ಇದೆ. ಸಣ್ಣ ಫೋರ್ ಸ್ಟ್ರೋಕ್ ಎಂಜಿನ್‌ಗಳಿಗೆ ಹೆಚ್ಚಾಗಿ ಹೇಳಿರುವುದು 10ಡಬ್ಲ್ಯು-30. ವೀಡ್ ಕಟರಿನ ಎಂಜಿನ್ನಿಗೆ ಬೇಕಾಗುವುದೇ 100 ಮಿಲಿ ಆಸುಪಾಸು, ಸರಿಯಾದ್ದನ್ನೇ ಹಾಕಿ.

ಪ್ಲಗ್ ತೆಗೆದರೂ ಅಲ್ಲಾಡುವುದಿಲ್ಲ ಅಂದರೆ ಹಗ್ಗದ ಪೆಟ್ಟಿಗೆ ಬಿಚ್ಚಿ. ಅದು ಸರಿ ಇದ್ದು ಎಂಜಿನ್ನೇ ತಿರುಗದಿದ್ದರೆ ಕಚ್ಚಿಕೊಂಡಿದೆ. ಅಲ್ಲಿಗೆ ನಿಲ್ಲಿಸಿ. ಇನ್ನು ಹಗ್ಗ ಬಹಳ ಹಗುರ, ಎಳೆದರೆ ಎದುರು ಒತ್ತಡವೇ ಇಲ್ಲ ಅನ್ನಿಸಿದರೆ ಕಂಪ್ರೆಷನ್ ಹೋಗಿದೆ. ಪ್ಲಗ್ ಸಡಿಲ ಇದೆಯಾ ನೋಡಿ, ಅದು ಬಿಟ್ಟರೆ ರಿಂಗ್ ಅಥವಾ ವಾಲ್ವ್. ಮನೆಯಲ್ಲಿ ಆಗುವ ಕೆಲಸ ಅಲ್ಲ.

## ಸೀಮೆಎಣ್ಣೆಯಲ್ಲಿ ಓಡುವ ಪಂಪು, ದೋಣಿ ಮಷಿನ್

ಹಳ್ಳದ ಬದಿಯ ಪೆಟ್ರೋಲ್-ಸೀಮೆಎಣ್ಣೆ ಪಂಪು ಬೆಳಗ್ಗೆ ಏಳದಿದ್ದರೆ ಬೇರೆಲ್ಲ ಬಿಟ್ಟು ನಿನ್ನೆ ಸಂಜೆ ನಿಲ್ಲಿಸಿದ್ದು ಹೇಗೆ ಅಂತ ಕೇಳಿ. ಸೀಮೆಎಣ್ಣೆ ಹೊತ್ತಿಕೊಳ್ಳುವಷ್ಟು ಆವಿ ಬಿಡಲು 35 ಡಿಗ್ರಿಗೂ ಮೇಲೆ ಬೇಕು. ಸೀಮೆಎಣ್ಣೆಯಲ್ಲಿ ಓಡುತ್ತಿರುವಾಗಲೇ ನಿಲ್ಲಿಸಿದರೆ ಬಟ್ಟಲ ತುಂಬ ಅದೇ ಉಳಿಯುತ್ತದೆ, ಬೆಳಗಿನ ಚಳಿಗೆ ಅದು ಏನು ಮಾಡಿದರೂ ಹೊತ್ತುವುದಿಲ್ಲ. ಬಟ್ಟಲ ಸ್ಕ್ರೂ ಬಿಚ್ಚಿ ಖಾಲಿ ಮಾಡಿ, ಪೆಟ್ರೋಲ್ ಕಡೆ ನಲ್ಲಿ ತಿರುಗಿಸಿ, ಪ್ಲಗ್ ಒರೆಸಿ ಹಾಕಿ, ಸ್ಟಾರ್ಟ್ ಮಾಡಿ. ಚೆನ್ನಾಗಿ ಬಿಸಿಯಾದ ಮೇಲೆ ಸೀಮೆಎಣ್ಣೆಗೆ ಹಾಕಿ. ಇನ್ನು ಮೇಲೆ ನಿಲ್ಲಿಸುವ ಮೊದಲು ಕೆಲವು ನಿಮಿಷ ಪೆಟ್ರೋಲಿನಲ್ಲಿ ಓಡಿಸಿಯೇ ನಿಲ್ಲಿಸಿ.

ಕರಾವಳಿಯಲ್ಲಿ, ಕಾರವಾರ, ಬೇಲೆಕೇರಿ, ತದಡಿ, ಕಾಸರಕೋಡದ ಕಡೆ ನಾಡದೋಣಿಗೆ ಕಟ್ಟುವ ಸೀಮೆಎಣ್ಣೆ ಮಷಿನ್ನಿಗೂ ಇದೇ ಮಾತು. ಅಲ್ಲಿ ಚಳಿ ಲೆಕ್ಕಕ್ಕಿಲ್ಲ, ಉಪ್ಪು ಗಾಳಿ ಮುಖ್ಯ. ಪ್ಲಗ್ ಕ್ಯಾಪ್ ಕಿತ್ತು ಒಳಗಿನ ಸ್ಪ್ರಿಂಗ್ ನೋಡಿ, ತುಕ್ಕು ತಿಂದಿದ್ದರೆ ಕಿಡಿ ಅಲ್ಲೇ ಕಳೆದುಹೋಗುತ್ತದೆ. ತಂತಿ ಕೂಡುವಲ್ಲಿ ಹಸಿರು ಪುಡಿ ಇದ್ದರೆ ತಾಮ್ರ ಕೊಳೆಯುತ್ತಿದೆ, ಅಲ್ಯೂಮಿನಿಯಂ ಮೇಲೆ ಬಿಳಿ ಪುಡಿ ಇದ್ದರೆ ಅರ್ಥಿಂಗ್ ಸರಿ ಸಿಗುತ್ತಿಲ್ಲ. ಉಜ್ಜಿ ಒಣಗಿಸಿ ಬಿಗಿ ಮಾಡಿ. ಹೊಳೆ ದಾಟುವವರು, ಮೀನಿಗೆ ಹೋಗುವವರು ದಡದಲ್ಲಿ ಹಟ ಮಾಡಿದ ಮಷಿನ್ನನ್ನು ಹೇಗೋ ಎಬ್ಬಿಸಿಕೊಂಡು ಅಳಿವೆ ದಾಟಬೇಡಿ. ಕಾರಣ ಸಿಕ್ಕಿದ ಮೇಲೇ ದೋಣಿ ನೀರಿಗಿಳಿಯಲಿ.

## ಎಲ್ಲಿ ನಿಲ್ಲಿಸಬೇಕು

ಹೊಸ ಪೆಟ್ರೋಲ್, ಹೊಸ ಪ್ಲಗ್, ಸ್ವಚ್ಛ ಫಿಲ್ಟರ್, ಒಳ್ಳೆಯ ಕಿಡಿ ಎಲ್ಲ ಇದ್ದೂ ಏಳದಿದ್ದರೆ ಮೆಕ್ಯಾನಿಕ್ ಹತ್ತಿರ ಒಯ್ಯಿರಿ. ಎಂಜಿನ್ ಕಚ್ಚಿಕೊಂಡಿದ್ದರೆ, ಕಂಪ್ರೆಷನ್ ಇಲ್ಲದಿದ್ದರೆ, ಟ್ಯಾಂಕ್ ಸೋರುತ್ತಿದ್ದರೆ, ಎಳೆದಾಗ ಒಳಗೆ ಲೋಹದ ಸದ್ದು ಬಂದರೆ ಒಂದು ಸಲವೂ ಹೆಚ್ಚಿಗೆ ಎಳೆಯಬೇಡಿ. ಎಂಜಿನ್ ಏಳಲಿ ಅಂತ ಕಾರ್ಬ್ಯುರೇಟರ್ ಬಾಯಿಗೆ ಥಿನ್ನರ್, ಈಥರ್ ಸ್ಪ್ರೇ ಹೊಡೆಯುವವರಿದ್ದಾರೆ. ಟೂ ಸ್ಟ್ರೋಕ್ ಎಂಜಿನ್ನಿಗೆ ಅದರಲ್ಲಿ ಆಯಿಲ್ ಇಲ್ಲ, ನಿಮ್ಮ ಮುಖಕ್ಕೆ ಬೆಂಕಿ ಬೀಳುವ ಅಪಾಯ ಬೇರೆ.

ಒಯ್ಯುವಾಗ ಬಿಚ್ಚಿದ ಹಳೇ ಪ್ಲಗ್ ಜೊತೆಗಿರಲಿ, ಟ್ಯಾಂಕಿನಿಂದ ತೆಗೆದ ಪೆಟ್ರೋಲ್ ಹೇಗಿತ್ತು ಅಂತ ಬಾಟಲಿಯ ಫೋಟೋ ತೋರಿಸಿ. ಪ್ಲಗ್ ಒದ್ದೆ ಇತ್ತಾ, ಒಣಗಿತ್ತಾ, ಕೊನೆಯ ಸಲ ಯಾವಾಗ ಓಡಿತ್ತು, ಆಯಿಲ್ ಯಾವ ಅಳತೆಯಲ್ಲಿ ಹಾಕುತ್ತೀರಿ, ಇಷ್ಟನ್ನು ಹೇಳಿದರೆ ಅವರು ಅರ್ಧ ದಿನ ಹುಡುಕುವುದು ತಪ್ಪುತ್ತದೆ. ಟ್ಯಾಂಕ್ ಖಾಲಿ ಮಾಡಿಯೇ ಜೀಪಿಗೋ ಬಸ್ಸಿನ ಡಿಕ್ಕಿಗೋ ಹಾಕಿ.